ಮಾಹಿತಿಯ ಮಂಡಿಯಲ್ಲಿ ಬೆಳೆಗಾರ

ಮಂಡಿಯ ವ್ಯವಹಾರ ನಮ್ಮ ಬೆಳೆಗಾರರಿಗೆ ಹೊಸದಲ್ಲ. ಯಾರ ಅಟ್ಟದಲ್ಲಿ ಎಷ್ಟು ಮೂಟೆ ಅಡಿಕೆ ಇದೆ, ಯಾರ ಮನೆಯಲ್ಲಿ ಬರುವ ವೈಶಾಖದಲ್ಲಿ ಮದುವೆ ಇದೆ, ಯಾರ ಸಾಲದ ಕಂತು ಮಾರ್ಚಿಯೊಳಗೆ ತೀರಬೇಕು ಎಂಬುದೆಲ್ಲ ಕೊಳ್ಳುವವನಿಗೆ ಮೊದಲೇ ಗೊತ್ತಿದ್ದರೆ ಧಾರಣೆ ಅವನ ಕೈಯಲ್ಲಿರುತ್ತದೆ. ಅವನ ಗೋದಾಮಿನಲ್ಲಿ ಎಷ್ಟಿದೆ, ಅವನು ಮೇಲಿನ ಪೇಟೆಗೆ ಯಾವ ದರಕ್ಕೆ ಒಪ್ಪಿಕೊಂಡಿದ್ದಾನೆ ಎಂಬುದು ಮಾತ್ರ ಮಾರುವವನಿಗೆ ತಿಳಿಯುವುದಿಲ್ಲ. ಒಬ್ಬೊಬ್ಬನಾಗಿ ಮಾರುವವನು ಸೋಲುತ್ತಾನೆಂಬ ಈ ಪಾಠದಿಂದಲೇ ನಮ್ಮ ಹಿರಿಯರು ಸಹಕಾರ ಸಂಘಗಳನ್ನು ಕಟ್ಟಿದರು. 1970ರ ದಶಕದ ಆರಂಭದಲ್ಲಿ ಅಡಿಕೆ ಧಾರಣೆ ಕುಸಿದು ಬೆಳೆಗಾರರು ಕಂಗಾಲಾದಾಗ, 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಸ್ಥಾಪನೆಯಾದುದನ್ನು ಹಿರಿಯ ಸದಸ್ಯರೆಲ್ಲರೂ ಬಲ್ಲರು.

ಈಗ ಇನ್ನೊಂದು ಮಂಡಿ ತೆರೆದಿದೆ. ಅಲ್ಲಿ ತೂಗುವ ಸರಕು ಅಡಿಕೆಯೂ ಅಲ್ಲ, ಕಾಫಿಯೂ ಅಲ್ಲ. ನಮ್ಮ ಹೆಸರು, ದೂರವಾಣಿ ಸಂಖ್ಯೆ, ವಯಸ್ಸು, ಜಮೀನಿನ ವಿಸ್ತೀರ್ಣ, ಸಾಲ, ಖರೀದಿಯ ಚೀಟಿ, ಕಾಯಿಲೆಯ ವಿವರ, ಇವೇ ಅಲ್ಲಿನ ಸರಕು. ಕೊಳ್ಳುವವರೂ ಮಾರುವವರೂ ಬೇರೆಯವರು. ಸರಕಿನ ನಿಜವಾದ ಒಡೆಯನಿಗೆ ವ್ಯಾಪಾರ ನಡೆದ ಸುದ್ದಿಯೇ ತಲಪುವುದಿಲ್ಲ. ಈ ವ್ಯಾಪಾರಕ್ಕೆ ಹೊರದೇಶಗಳಲ್ಲಿ ಯಾವ ಕಡಿವಾಣ ಬಿದ್ದಿದೆ, ನಮ್ಮ ದೇಶದ ಕಾನೂನು ಏನು ಹೇಳುತ್ತದೆ, ನಮ್ಮಂಥ ಸಂಘಗಳ ಹೊಣೆ ಎಷ್ಟು ಎಂಬುದನ್ನು ಸದಸ್ಯ ಬಾಂಧವರ ಗಮನಕ್ಕೆ ತರುವುದು ಈ ಲೇಖನದ ಉದ್ದೇಶ. ಬರುವ ಮಹಾಸಭೆಯಲ್ಲಿ ಇದಕ್ಕೆ ಸಂಬಂಧಿಸಿದ ಒಂದು ವಿಷಯ ತೀರ್ಮಾನಕ್ಕೆ ಬರಲಿರುವುದರಿಂದ ಸದಸ್ಯರು ಇದನ್ನು ಪೂರ್ತಿಯಾಗಿ ಓದಬೇಕಾಗಿ ವಿನಂತಿ.

ದಿನಸಿ ವ್ಯಾಪಾರಿಗಳ ಪುಸ್ತಕದಿಂದ ಆರಂಭ

ಈ ಉದ್ಯಮ ಗಣಕಯಂತ್ರದೊಡನೆ ಹುಟ್ಟಿದ್ದೆಂದು ಭಾವಿಸುವವರಿದ್ದಾರೆ. ಅದು ಸರಿಯಲ್ಲ. ಅಮೆರಿಕದ ಅಟ್ಲಾಂಟಾ ನಗರದಲ್ಲಿ 1899ರಲ್ಲಿ ವುಲ್‌ಫೋರ್ಡ್ ಎಂಬ ಸಹೋದರರಿಬ್ಬರು ರೀಟೇಲ್ ಕ್ರೆಡಿಟ್ ಕಂಪನಿಯನ್ನು ಆರಂಭಿಸಿದರು. ಊರಿನಲ್ಲಿ ಯಾರು ಕಡ ಕೊಂಡದ್ದನ್ನು ಹೊತ್ತಿಗೆ ಸರಿಯಾಗಿ ತೀರಿಸುತ್ತಾರೆ, ಯಾರು ಸತಾಯಿಸುತ್ತಾರೆ ಎಂಬುದನ್ನು ಪುಸ್ತಕ ಮಾಡಿ ವ್ಯಾಪಾರಿಗಳಿಗೆ ಮಾರುವುದು ಅವರ ಕಸುಬು. ಕ್ರಮೇಣ ವಿಮಾ ಕಂಪನಿಗಳಿಗಾಗಿ ಜನರ ಕುಡಿತ, ಸಂಸಾರ, ನಡತೆಗಳ ಕುರಿತು ನೆರೆಹೊರೆಯವರಿಂದ ಸಂಗ್ರಹಿಸಿದ ಮಾತೂ ಕಡತಕ್ಕೆ ಸೇರಿತು. ತಪ್ಪು ಬರೆದಿದ್ದರೆ ತಿದ್ದಿಸುವ ದಾರಿ ಇರಲಿಲ್ಲ. ಕಡತ ಇದೆಯೆಂಬುದೇ ಅನೇಕರಿಗೆ ಗೊತ್ತಿರಲಿಲ್ಲ. ಇದರ ವಿರುದ್ಧ ಕೂಗೆದ್ದು 1970ರಲ್ಲಿ ಅಮೆರಿಕದ ಸಂಸತ್ತು ಒಂದು ಕಾನೂನು ಮಾಡಿತು. ಸಾಲ, ವಿಮೆ, ನೌಕರಿಯಂಥ ಗೊತ್ತಾದ ಉದ್ದೇಶಗಳಿಗೆ ಮಾತ್ರ ವರದಿ ಕೊಡಬೇಕು, ಕಡತದಲ್ಲಿರುವುದನ್ನು ತಿಳಿಯುವ ಮತ್ತು ತಪ್ಪನ್ನು ತಿದ್ದಿಸುವ ಹಕ್ಕು ವ್ಯಕ್ತಿಗೆ ಇರಬೇಕು ಎಂಬುದು ಅದರ ತಿರುಳು. ಆ ಕಂಪನಿ 1975ರಲ್ಲಿ ಈಕ್ವಿಫ್ಯಾಕ್ಸ್ ಎಂದು ಹೆಸರು ಬದಲಿಸಿಕೊಂಡಿತು.

ಈ ಹೆಸರು ನಮಗೆ ದೂರದ್ದೇನೂ ಅಲ್ಲ. ಭಾರತದಲ್ಲಿ 2005ರ ಕಾನೂನಿನ ಅಡಿಯಲ್ಲಿ ರಿಸರ್ವ್ ಬ್ಯಾಂಕಿನ ಪರವಾನಗಿ ಪಡೆದ ನಾಲ್ಕು ಸಾಲ ಮಾಹಿತಿ ಕಂಪನಿಗಳ ಪೈಕಿ ಇದೂ ಒಂದು. ಉಳಿದವು ಸಿಬಿಲ್, ಎಕ್ಸ್‌ಪೀರಿಯನ್ ಮತ್ತು ಕ್ರಿಫ್ ಹೈಮಾರ್ಕ್. ನಾವು ಬ್ಯಾಂಕಿನಿಂದ ಪಡೆದ ಬೆಳೆ ಸಾಲದ ಕಂತು ತಪ್ಪಿದರೆ ಸುದ್ದಿ ಮುಟ್ಟುವುದು ಇಲ್ಲಿಗೇ. ಅಮೆರಿಕದಲ್ಲಿ ಇದೇ ಕಂಪನಿಯ ಭಂಡಾರಕ್ಕೆ 2017ರಲ್ಲಿ ಕನ್ನ ಬಿದ್ದು ಸುಮಾರು 14.7 ಕೋಟಿ ಜನರ ವಿವರ ಹೊರಬಿತ್ತು. ಒಂದೇ ಕಣಜದಲ್ಲಿ ಊರಿನ ಬೆಳೆಯನ್ನೆಲ್ಲ ತುಂಬಿದರೆ ಬೆಂಕಿ ಬಿದ್ದ ದಿನ ಉಳಿಯುವುದು ಬೂದಿ ಮಾತ್ರ.

ಹಾನಿ ಯಾರಿಗೆ?

"ನನ್ನ ವಿವರ ಯಾರಿಗಾದರೂ ಸಿಕ್ಕಿದರೆ ಏನಾಯಿತು? ಮುಚ್ಚಿಡುವಂಥದ್ದು ನನ್ನಲ್ಲಿ ಏನಿದೆ?" ಎಂದು ಕೇಳುವ ಸದಸ್ಯರು ಅನೇಕರಿದ್ದಾರೆ. ಅವರು ಎರಡು ನಿದರ್ಶನಗಳನ್ನು ಗಮನಿಸಬೇಕು.

ಚಾಯ್ಸ್‌ಪಾಯಿಂಟ್ ಎಂಬ ಅಮೆರಿಕದ ಕಂಪನಿ ಜನರ ವೈಯಕ್ತಿಕ ವಿವರಗಳನ್ನು ವ್ಯಾಪಾರ ಸಂಸ್ಥೆಗಳಿಗೆ ಮಾರುತ್ತಿತ್ತು. ವಂಚಕರು ತಾವೂ ಸಣ್ಣ ವ್ಯಾಪಾರಿಗಳೆಂದು ಹೇಳಿಕೊಂಡು ಅದರ ಗಿರಾಕಿಗಳಾದರು. ಯಾರೂ ಬೀಗ ಒಡೆಯಲಿಲ್ಲ. ಹಣ ಕೊಟ್ಟು ಕೊಂಡರು, ಅಷ್ಟೆ. 1,63,000 ಜನರ ವಿವರ ಹೀಗೆ ಕಳ್ಳರ ಕೈ ಸೇರಿದ್ದು 2005ರಲ್ಲಿ ಬಯಲಾಯಿತು. ಬಯಲಾದುದಾದರೂ ಹೇಗೆ? ಇಂಥ ಸೋರಿಕೆಯಾದರೆ ಸಂಬಂಧಪಟ್ಟವರಿಗೆ ತಿಳಿಸಲೇಬೇಕೆಂಬ ಕಾನೂನು ಕ್ಯಾಲಿಫೋರ್ನಿಯಾದಲ್ಲಿ 2003ರಿಂದ ಜಾರಿಯಲ್ಲಿತ್ತು. ಕಂಪನಿ ಮೊದಲು ಆ ರಾಜ್ಯದವರಿಗೆ ಮಾತ್ರ ಪತ್ರ ಬರೆಯಿತು. ಉಳಿದ ರಾಜ್ಯಗಳಲ್ಲಿ ಗದ್ದಲವೆದ್ದ ಮೇಲೆ ಅಲ್ಲಿನವರಿಗೂ ಬರೆಯಿತು. ಮರುವರ್ಷ ಅದು ಒಂದು ಕೋಟಿ ಡಾಲರು ದಂಡವನ್ನೂ ನೊಂದವರಿಗಾಗಿ ಐವತ್ತು ಲಕ್ಷ ಡಾಲರನ್ನೂ ತೆರಬೇಕಾಯಿತು. ಕಾನೂನು ಇದ್ದಲ್ಲಿ ಪತ್ರ ಬಂತು, ಇಲ್ಲದಲ್ಲಿ ಬರಲಿಲ್ಲ. ಕಂಪನಿಗಳ ಸದ್ಬುದ್ಧಿಯನ್ನೇ ನೆಚ್ಚಿಕೊಂಡರೆ ಸಾಕೆಂಬ ವಾದಕ್ಕೆ ಇದೇ ಉತ್ತರ.

ಎರಡನೆಯದು ಇನ್ನೂ ಮನಸ್ಸಿಗೆ ನಾಟುವಂಥದು. ಎಪ್ಸಿಲಾನ್ ಎಂಬ ಕಂಪನಿಯಲ್ಲಿ, ಯಾವ ಬಗೆಯ ಪತ್ರಕ್ಕೆ ಯಾರು ಹಣ ಕಳುಹಿಸುತ್ತಾರೆಂಬ ಲೆಕ್ಕವಿತ್ತು. ಬಹುಮಾನ ಬಂದಿದೆ, ಭವಿಷ್ಯ ಹೇಳುತ್ತೇವೆ ಎಂದು ಸುಳ್ಳು ಪತ್ರ ಬರೆದು ವೃದ್ಧರಿಂದ ಹಣ ಕೀಳುವ ಮೋಸಗಾರರಿಗೆ ಆ ಕಂಪನಿಯ ನೌಕರರು ತಿಳಿದೂ ತಿಳಿದೂ ಇಂಥ ಹೆಸರುಗಳ ಪಟ್ಟಿ ಮಾರಿದರು. ಹೀಗೆ ಮಾರಾಟವಾದುದು ಮೂರು ಕೋಟಿಗೂ ಹೆಚ್ಚು ಜನರ ವಿವರ. 2021ರ ಜನವರಿಯಲ್ಲಿ ಕಂಪನಿ 15 ಕೋಟಿ ಡಾಲರು ಕೊಡಲು ಸರ್ಕಾರದೊಡನೆ ಒಪ್ಪಂದ ಮಾಡಿಕೊಂಡಿತು. ಒಮ್ಮೆ ಮೋಸಹೋದವನ ಹೆಸರಿಗೆ ಈ ಮಂಡಿಯಲ್ಲಿ ಹೆಚ್ಚು ಬೆಲೆ. ಏಕೆಂದರೆ ಅವನು ಮತ್ತೊಮ್ಮೆ ಮೋಸಹೋಗುವ ಸಂಭವ ಹೆಚ್ಚು.

ಅಮೆರಿಕದ ವ್ಯಾಪಾರ ಆಯೋಗವು ಒಂಬತ್ತು ಮಾಹಿತಿ ದಲ್ಲಾಳಿ ಕಂಪನಿಗಳನ್ನು ಪರಿಶೀಲಿಸಿ 2014ರಲ್ಲಿ ವರದಿ ಪ್ರಕಟಿಸಿತು. ನಾವು ಅಡಿಕೆಯನ್ನು ರಾಶಿ, ಬೆಟ್ಟೆ, ಗೊರಬಲು ಎಂದು ವಿಂಗಡಿಸುವಂತೆ ಅವರು ಜನರನ್ನು ವಿಂಗಡಿಸುತ್ತಾರೆ. ಅರವತ್ತಾರು ದಾಟಿದ, ಒಂಟಿಯಾಗಿರುವ, ಓದು ಮತ್ತು ಆಸ್ತಿ ಎರಡೂ ಕಡಿಮೆಯಿರುವ ಹಳ್ಳಿಗರಿಗೆಂದೇ ಅಲ್ಲಿ ಒಂದು ಪ್ರತ್ಯೇಕ ದರ್ಜೆ ಇತ್ತು. ಆ ದರ್ಜೆಯ ಪಟ್ಟಿಯನ್ನು ಯಾರು, ಯಾವ ಉದ್ದೇಶಕ್ಕೆ ಕೊಳ್ಳಬಹುದೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಡಿವಾಣದ ಪ್ರಯತ್ನಗಳು

ಇವರನ್ನು ಹತೋಟಿಗೆ ತರಲು ಅಮೆರಿಕದಲ್ಲಿ ಮೊದಲು ಹೆಜ್ಜೆ ಇಟ್ಟದ್ದು ದೊಡ್ಡ ರಾಜ್ಯವಲ್ಲ. ಹೈನುಗಾರಿಕೆಗೂ ಮೇಪಲ್ ಮರದ ಪಾಕಕ್ಕೂ ಹೆಸರಾದ ವರ್ಮಾಂಟ್ ಎಂಬ ಪುಟ್ಟ ರಾಜ್ಯ 2018ರಲ್ಲಿ ಕಾನೂನು ಮಾಡಿತು. ನೋಂದಣಿಯ ನಿಯಮ 2019ರಿಂದ ಜಾರಿಗೆ ಬಂತು. ಜನರೊಡನೆ ನೇರ ವ್ಯವಹಾರವಿಲ್ಲದೆ ಅವರ ವಿವರ ಸಂಗ್ರಹಿಸಿ ಮಾರುವ ಕಂಪನಿಯು ಪ್ರತಿವರ್ಷ ನೂರು ಡಾಲರು ಶುಲ್ಕ ತೆತ್ತು ಸರ್ಕಾರದಲ್ಲಿ ಹೆಸರು ನೋಂದಾಯಿಸಬೇಕು, ಭದ್ರತೆಯ ಕ್ರಮ ಕೈಗೊಳ್ಳಬೇಕು. ಮಂಡಿ ವರ್ತಕನಿಗೆ ಲೈಸೆನ್ಸು ಕಡ್ಡಾಯವಾದಂತೆಯೇ ಇದು. ಆದರೆ "ನನ್ನ ಹೆಸರು ತೆಗೆದುಹಾಕಿ" ಎಂದು ಒತ್ತಾಯಿಸುವ ಹಕ್ಕನ್ನು ಆ ಕಾನೂನು ಕೊಡಲಿಲ್ಲ.

ಆ ಕೊರತೆಯನ್ನು ತುಂಬಲು ಹೊರಟದ್ದು ಕ್ಯಾಲಿಫೋರ್ನಿಯಾ. ಅಲ್ಲಿ 2019ರಲ್ಲಿ ನೋಂದಣಿ ಕಾನೂನೂ 2023ರಲ್ಲಿ ಅಳಿಸುವ ಕಾನೂನೂ ಅಂಗೀಕಾರವಾದವು. ನೂರಾರು ಕಂಪನಿಗಳಿಗೆ ಒಂದೊಂದಾಗಿ ಅರ್ಜಿ ಹಾಕುವುದು ಯಾರಿಗೂ ಸಾಧ್ಯವಿಲ್ಲದ್ದರಿಂದ, ಸರ್ಕಾರದ ಒಂದೇ ಕಿಂಡಿಯಲ್ಲಿ ಒಂದೇ ಅರ್ಜಿ ಕೊಟ್ಟರೆ ನೋಂದಾಯಿತ ಕಂಪನಿಗಳೆಲ್ಲವೂ ವಿವರ ಅಳಿಸಬೇಕೆಂಬುದು ಈ ಕಾನೂನಿನ ಏರ್ಪಾಡು. 2026ರ ಜನವರಿಯಲ್ಲಿ ಈ ಕಿಂಡಿ ಜನರಿಗೆ ತೆರೆಯಿತು. ಕಂಪನಿಗಳು ಅರ್ಜಿಗಳನ್ನು ಕೈಗೆತ್ತಿಕೊಳ್ಳಲು 2026ರ ಆಗಸ್ಟ್ 1ನ್ನು ಗೊತ್ತುಮಾಡಲಾಯಿತು. ಅಳಿಸದಿದ್ದರೆ ಪ್ರತಿ ಅರ್ಜಿಗೆ ದಿನವೊಂದಕ್ಕೆ ಇನ್ನೂರು ಡಾಲರು ದಂಡ. ಆದರೆ ಇಡೀ ಅಮೆರಿಕಕ್ಕೆ ಅನ್ವಯಿಸುವ ಪ್ರಯತ್ನ ಸೋತಿತು: ಈ ಕಂಪನಿಗಳನ್ನು 1970ರ ಕಾನೂನಿನ ವ್ಯಾಪ್ತಿಗೆ ತರುವ ನಿಯಮವೊಂದನ್ನು ಅಲ್ಲಿನ ಕೇಂದ್ರ ಇಲಾಖೆ 2024ರ ಡಿಸೆಂಬರಿನಲ್ಲಿ ಸೂಚಿಸಿ 2025ರ ಮೇ ತಿಂಗಳಲ್ಲಿ ಹಿಂತೆಗೆದುಕೊಂಡಿತು.

ಯುರೋಪಿನ ಒಕ್ಕೂಟ 2018ರ ಮೇ 25ರಿಂದ ಜಾರಿಗೆ ತಂದ ಕಾನೂನು ಬೇರೊಂದು ಕಡೆಯಿಂದ ಹಗ್ಗ ಬಿಗಿಯಿತು. ನಿಮ್ಮ ವಿವರವನ್ನು ಬೇರೆಯವರಿಂದ ಪಡೆದವನು ಸಾಮಾನ್ಯವಾಗಿ ಒಂದು ತಿಂಗಳೊಳಗೆ ನಿಮಗೆ ತಿಳಿಸಬೇಕು, ಎಲ್ಲಿಂದ ಪಡೆದನೆಂಬುದನ್ನೂ ಹೇಳಬೇಕು. ತಪ್ಪಿದರೆ ಎರಡು ಕೋಟಿ ಯೂರೋ ಅಥವಾ ಪ್ರಪಂಚದಾದ್ಯಂತದ ವಾರ್ಷಿಕ ವಹಿವಾಟಿನ ಶೇಕಡ 4, ಇವುಗಳಲ್ಲಿ ಹೆಚ್ಚಿನ ಮೊತ್ತದವರೆಗೆ ದಂಡ ವಿಧಿಸಬಹುದು.

ನಮ್ಮ ದೇಶದ ಕಾನೂನು

ಭಾರತದಲ್ಲಿ ಈ ವಿಷಯಕ್ಕೆ ಬುನಾದಿ ಹಾಕಿದವರು ಕನ್ನಡನಾಡಿನ ಹಿರಿಯರೊಬ್ಬರು ಎಂಬುದು ನಮಗೆ ಹೆಮ್ಮೆಯ ಸಂಗತಿ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು, ಎಂಬತ್ತು ದಾಟಿದ ವಯಸ್ಸಿನಲ್ಲಿ, 2012ರಲ್ಲಿ ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಆ ಮೊಕದ್ದಮೆಯಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನ ಮೂಲಭೂತ ಹಕ್ಕು ಎಂದು ಏಕಮತದಿಂದ ತೀರ್ಪಿತ್ತಿತು. ಪುಟ್ಟಸ್ವಾಮಿಯವರು 2024ರಲ್ಲಿ ತೀರಿಕೊಂಡರು.

ಆ ತೀರ್ಪಿನ ಬೆನ್ನಲ್ಲಿ ಹಲವು ಕರಡುಗಳಾಗಿ, ಕೊನೆಗೆ ಡಿಜಿಟಲ್ ವೈಯಕ್ತಿಕ ಮಾಹಿತಿ ರಕ್ಷಣಾ ಕಾನೂನು 2023ರ ಆಗಸ್ಟಿನಲ್ಲಿ ಬಂತು. ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ಮುಖ್ಯ ಕಲಮುಗಳ ಜಾರಿಗೆ ಅಲ್ಲಿಂದ ಹದಿನೆಂಟು ತಿಂಗಳು, ಅಂದರೆ 2027ರ ಮೇ ತಿಂಗಳವರೆಗೆ, ಅವಧಿ ಕೊಡಲಾಯಿತು. ಇದರಂತೆ ವಿವರ ಪಡೆಯುವವರು ಯಾವ ಕಾರಣಕ್ಕೆ ಪಡೆಯುತ್ತೇವೆಂದು ತಿಳಿಸಿ ಒಪ್ಪಿಗೆ ಪಡೆಯಬೇಕು. ಆ ಸೂಚನೆಯನ್ನು ಕನ್ನಡದಲ್ಲಿ ಕೇಳಿ ಪಡೆಯುವ ಅವಕಾಶ ಇರಬೇಕು. ಕೊಟ್ಟ ಒಪ್ಪಿಗೆಯನ್ನು ಕೊಟ್ಟಷ್ಟೇ ಸುಲಭವಾಗಿ ಹಿಂತೆಗೆದುಕೊಳ್ಳಲು ಬರಬೇಕು. ತಿದ್ದಿಸುವ, ಅಳಿಸುವ ಹಕ್ಕುಗಳೂ ಇವೆ. ವಿವರವನ್ನು ಭದ್ರವಾಗಿ ಕಾಯದಿದ್ದರೆ ದಂಡ 250 ಕೋಟಿ ರೂಪಾಯಿಯವರೆಗೆ.

ಕಾಗದದ ಮೇಲೆ ಇದು ವರ್ಮಾಂಟಿನ ಕಾನೂನಿಗಿಂತ ಬಿಗಿ. ಅಲ್ಲಿ ನೋಂದಾಯಿಸಿ ಮಾರಬಹುದು. ಇಲ್ಲಿ ಒಪ್ಪಿಗೆಯಿಲ್ಲದೆ, ಇಲ್ಲವೆ ಕಾನೂನು ಹೇಳಿದ ಬೇರೆ ಕಾರಣವಿಲ್ಲದೆ ಇಟ್ಟುಕೊಳ್ಳುವುದೇ ತಪ್ಪು. ಆದರೆ ಕೊರತೆಗಳನ್ನೂ ಹೇಳಬೇಕು.

ಮೊದಲನೆಯದಾಗಿ, ಮಾಹಿತಿ ದಲ್ಲಾಳಿಗಳ ನೋಂದಣಿ ಪುಸ್ತಕ ಈ ಕಾನೂನಿನಲ್ಲಿ ಇಲ್ಲ. ಯಾರಲ್ಲಿ ನಮ್ಮ ವಿವರ ಇದೆಯೆಂದು ತಿಳಿಯದಿದ್ದರೆ ಅಳಿಸಿರೆಂದು ಕೇಳುವುದು ಯಾರನ್ನು? ಎರಡನೆಯದಾಗಿ, ಕಾನೂನಿನ ಹೊಣೆಯಂತೆ ಸಾರ್ವಜನಿಕವಾಗಿ ಪ್ರಕಟವಾದ ವಿವರಕ್ಕೆ ಇದು ಅನ್ವಯಿಸುವುದಿಲ್ಲ. ಸರ್ವೆ ನಂಬರು ಗೊತ್ತಿದ್ದರೆ ಪಹಣಿಯನ್ನು ಯಾರು ಬೇಕಾದರೂ ಗಣಕದಲ್ಲಿ ನೋಡಬಹುದಾದ ನಮ್ಮ ರಾಜ್ಯದಲ್ಲಿ ಈ ವಿನಾಯಿತಿ ಎಷ್ಟು ದೂರ ಹೋಗುತ್ತದೆ ಎಂಬುದು ಜಮೀನುದಾರರೆಲ್ಲರೂ ಕೇಳಬೇಕಾದ ಪ್ರಶ್ನೆ. ಪಹಣಿ ತೆರೆದಿರುವುದರಿಂದ ಲಂಚ ತಗ್ಗಿದೆ, ಮೋಸದ ಕ್ರಯ ತಪ್ಪಿದೆ. ಅದನ್ನು ಮುಚ್ಚಬೇಕೆಂದು ನಾನು ಹೇಳುತ್ತಿಲ್ಲ. ಒಂದು ಪಹಣಿ ನೋಡುವುದು ಬೇರೆ, ತಾಲ್ಲೂಕಿನ ಪಹಣಿಗಳನ್ನೆಲ್ಲ ಬಾಚಿಕೊಂಡು ಅವಕ್ಕೆ ದೂರವಾಣಿ ಸಂಖ್ಯೆ ಮತ್ತು ಸಾಲದ ವಿವರ ಜೋಡಿಸಿ ಮಾರುವುದು ಬೇರೆ. ಮೂರನೆಯದಾಗಿ, ದಂಡದ ಹಣ ಹೋಗುವುದು ಸರ್ಕಾರದ ಬೊಕ್ಕಸಕ್ಕೆ. ನಷ್ಟಪಟ್ಟವನಿಗೆ ಪರಿಹಾರ ಕೊಡಿಸಲು 2000ದ ಮಾಹಿತಿ ತಂತ್ರಜ್ಞಾನ ಕಾನೂನಿನಲ್ಲಿದ್ದ 43ಎ ಕಲಮನ್ನು ಹೊಸ ಕಾನೂನು ರದ್ದುಪಡಿಸುತ್ತದೆ.

ತೆರೆದಿಟ್ಟ ದಾಖಲೆಯಿಂದ ಕೇಡಾಗುವುದು ಬರಿಯ ಕಲ್ಪನೆಯಲ್ಲ. 2023ರಲ್ಲಿ ದಕ್ಷಿಣ ಕನ್ನಡವೂ ಸೇರಿದಂತೆ ರಾಜ್ಯದ ಹಲವೆಡೆ, ಉಪನೋಂದಣಿ ಕಚೇರಿಯಲ್ಲಿ ಪತ್ರ ನೋಂದಾಯಿಸಿ ಬಂದವರ ಬ್ಯಾಂಕ್ ಖಾತೆಯಿಂದ ಹಣ ಮಾಯವಾದ ದೂರುಗಳು ಬಂದವು. ಪತ್ರದಲ್ಲಿದ್ದ ಬೆರಳಚ್ಚನ್ನೂ ಆಧಾರ್ ಸಂಖ್ಯೆಯನ್ನೂ ಬಳಸಿ, ಆಧಾರ್ ಮೂಲಕ ಹಣ ತೆಗೆಯುವ ಏರ್ಪಾಡಿನಲ್ಲಿ ವಂಚಕರು ಹಣ ಎತ್ತಿದ್ದರೆಂದು ಪೊಲೀಸರು ತಿಳಿಸಿದರು. ಬೆರಳನ್ನು ಬದಲಿಸಲು ಬರುವುದಿಲ್ಲ.

ನಮ್ಮ ಸಂಘದ ಮುಂದಿರುವ ಪ್ರಶ್ನೆ

ಇನ್ನು ಮನೆಯ ವಿಚಾರಕ್ಕೆ ಬರೋಣ. ಕಳೆದ ಮಳೆಗಾಲದ ಕೊನೆಯಲ್ಲಿ ಕಂಪನಿಯೊಂದರ ಪ್ರತಿನಿಧಿಗಳು ನಮ್ಮ ಕಚೇರಿಗೆ ಬಂದು ಒಂದು ಒಪ್ಪಂದದ ಕರಡನ್ನು ಕೊಟ್ಟುಹೋಗಿದ್ದಾರೆ. ಸಂಘದ ಲೆಕ್ಕಪತ್ರಕ್ಕೆ ಬೇಕಾದ ತಂತ್ರಾಂಶವನ್ನು ಉಚಿತವಾಗಿ ಹಾಕಿಕೊಡುವುದು, ಸದಸ್ಯರ ಮೊಬೈಲಿಗೆ ಧಾರಣೆ ಮತ್ತು ಹವಾಮಾನ ತಿಳಿಸುವುದು, ಅದರ ಮೇಲೆ ಸಂಘಕ್ಕೆ ಒಬ್ಬ ಗುಮಾಸ್ತನ ವರ್ಷದ ಸಂಬಳದಷ್ಟು ಹಣ ಕೊಡುವುದು ಅವರ ಮಾತು. ಪ್ರತಿಯಾಗಿ ಕೇಳುವುದು ಪ್ರತಿ ಸದಸ್ಯನ ಹೆಸರು, ದೂರವಾಣಿ, ಸರ್ವೆ ನಂಬರು, ಕಾಫಿ ಮತ್ತು ಅಡಿಕೆಯ ವಿಸ್ತೀರ್ಣ, ಮೂರು ವರ್ಷದ ಇಳುವರಿ, ಗೊಬ್ಬರ ಮತ್ತು ಮೈಲುತುತ್ತದ ಖರೀದಿ, ಬಾಕಿ ಸಾಲ. ಕರಡಿನ ಒಂದು ಕಲಮಿನಲ್ಲಿ, ಈ ವಿವರವನ್ನು "ಪಾಲುದಾರ ಸಂಸ್ಥೆಗಳೊಡನೆ" ಹಂಚಿಕೊಳ್ಳಬಹುದೆಂದಿದೆ. ಆ ಪಾಲುದಾರರು ಯಾರು ಎಂಬುದಕ್ಕೆ ಪಟ್ಟಿಯಿಲ್ಲ.

ನಿರ್ದೇಶಕರಲ್ಲಿ ಎರಡು ಅಭಿಪ್ರಾಯಗಳಿವೆ. ಒಪ್ಪಬೇಕೆನ್ನುವವರ ವಾದದಲ್ಲಿ ಹುರುಳಿಲ್ಲವೆಂದು ಹೇಳುವಂತಿಲ್ಲ. ಸಂಘದ ಲೆಕ್ಕದ ತಂತ್ರಾಂಶ ಹಳೆಯದಾಗಿದೆ, ಬದಲಿಸಲು ಹಣವಿಲ್ಲ. ಇಳುವರಿಯ ಲೆಕ್ಕ ಕಂಡರೆ ಸಣ್ಣ ಹಿಡುವಳಿದಾರನಿಗೂ ಬ್ಯಾಂಕುಗಳು ಸುಲಭವಾಗಿ ಸಾಲ ಕೊಟ್ಟಾವು. "ನಮ್ಮ ವಿವರ ಈಗಾಗಲೇ ಹತ್ತು ಕಡೆ ಇದೆ, ಹನ್ನೊಂದನೆಯದಕ್ಕೆ ಏಕೆ ಹೆದರಬೇಕು?" ಎಂಬುದು ಅವರ ಪ್ರಶ್ನೆ.

ನನ್ನ ಅಭಿಪ್ರಾಯ ಬೇರೆ. ಕಾರ್ಯದರ್ಶಿಯಾಗಿ ಅದನ್ನು ಕಾರಣಸಹಿತ ತಿಳಿಸುವುದು ನನ್ನ ಕರ್ತವ್ಯ. ಸದಸ್ಯರು ಈ ವಿವರವನ್ನು ಸಂಘಕ್ಕೆ ಕೊಟ್ಟದ್ದು ಸಾಲಕ್ಕಾಗಿ, ಗೊಬ್ಬರಕ್ಕಾಗಿ, ಫಸಲು ಮಾರುವುದಕ್ಕಾಗಿ. ಬೇರೆ ಕೆಲಸಕ್ಕೆ ಅದನ್ನು ದಾಟಿಸುವ ಅಧಿಕಾರ ನಿರ್ದೇಶಕ ಮಂಡಳಿಗೆ ಇಲ್ಲ. ಹೊಸ ಕಾನೂನಿನ ದೃಷ್ಟಿಯಲ್ಲಿ ಸಂಘವೂ ವಿವರ ಕಾಯುವ ಹೊಣೆ ಹೊತ್ತ ಸಂಸ್ಥೆಯೇ; ನಾಳೆ ಸೋರಿಕೆಯಾದರೆ ಮೊದಲು ಉತ್ತರ ಹೇಳಬೇಕಾದವರು ನಾವು.

ಇದಕ್ಕಿಂತ ಮುಖ್ಯವಾದ ಇನ್ನೊಂದು ಮಾತಿದೆ. ಕಾನೂನು ರಕ್ಷಿಸುವುದು ವ್ಯಕ್ತಿಯ ವಿವರವನ್ನು ಮಾತ್ರ. ಹೆಸರುಗಳನ್ನೆಲ್ಲ ಅಳಿಸಿ "ಈ ಹೋಬಳಿಯಲ್ಲಿ ಇಷ್ಟು ಕ್ವಿಂಟಲ್ ಅಡಿಕೆ ದಾಸ್ತಾನಿದೆ, ಇಷ್ಟು ಜನರ ಸಾಲದ ಗಡುವು ಮಾರ್ಚಿಗೆ ಇದೆ" ಎಂಬ ಒಟ್ಟು ಲೆಕ್ಕವನ್ನು ಮಾರಿದರೆ ಕಾನೂನು ಅಡ್ಡಬರುವುದಿಲ್ಲ. ಆದರೆ ದೊಡ್ಡ ಖರೀದಿದಾರನಿಗೆ ಬೇಕಾದುದು ನಿಜವಾಗಿ ಈ ಲೆಕ್ಕವೇ. ಅದು ಅವನ ಕೈಯಲ್ಲಿದ್ದರೆ ಯಾವ ವಾರ ಧಾರಣೆ ಇಳಿಸಿದರೆ ನಾವು ಮಾರಲೇಬೇಕಾಗುತ್ತದೆಂದು ಅವನು ಕೂತಲ್ಲಿಯೇ ಹೇಳಬಲ್ಲ. ಒಬ್ಬ ಸದಸ್ಯ "ನಾನು ಕೊಡುವುದಿಲ್ಲ" ಎಂದರೂ ಈ ಲೆಕ್ಕ ಬದಲಾಗುವುದಿಲ್ಲ. ಎಲ್ಲರೂ ಒಟ್ಟಾಗಿ ಬೇಡವೆಂದರೆ ಮಾತ್ರ ಅದು ಉಳಿಯುತ್ತದೆ. ಫಸಲನ್ನು ಒಟ್ಟಾಗಿ ಮಾರಲು ಕಟ್ಟಿದ ಸಂಘವು ಫಸಲಿನ ಗುಟ್ಟನ್ನೂ ಒಟ್ಟಾಗಿಯೇ ಕಾಯಬೇಕು.

ಆದುದರಿಂದ ಮಹಾಸಭೆಯ ಮುಂದೆ ಈ ಕೆಳಗಿನ ಠರಾವನ್ನು ಇಡಲಾಗುವುದು.

1. ಸದಸ್ಯರ ವಿವರವನ್ನು, ಹೆಸರಿನೊಡನೆಯಾಗಲಿ ಹೆಸರಿಲ್ಲದ ಒಟ್ಟು ಲೆಕ್ಕವಾಗಿಯಾಗಲಿ, ಸಂಘವು ಯಾರಿಗೂ ಮಾರತಕ್ಕದ್ದಲ್ಲ.

2. ಕಾನೂನಿನಂತೆ ಸರ್ಕಾರಕ್ಕೆ, ಬ್ಯಾಂಕಿಗೆ ಕೊಡಲೇಬೇಕಾದ ವಿವರವನ್ನು ಮಾತ್ರ ಕೊಟ್ಟು, ಯಾರಿಗೆ, ಯಾವಾಗ, ಏನು ಕೊಟ್ಟೆವೆಂದು ಒಂದು ಪುಸ್ತಕದಲ್ಲಿ ಬರೆದಿಡತಕ್ಕದ್ದು. ಯಾವ ಸದಸ್ಯರಾದರೂ ತಮಗೆ ಸಂಬಂಧಿಸಿದ ನಮೂದನ್ನು ನೋಡಬಹುದು.

3. ಸದಸ್ಯತ್ವ ಬಿಟ್ಟು, ಬಾಕಿ ತೀರಿಸಿದವರ ಆಧಾರ್ ಪ್ರತಿಗಳನ್ನು, ಕಾನೂನು ಇಟ್ಟುಕೊಳ್ಳಬೇಕೆಂದ ಅವಧಿ ಮುಗಿದೊಡನೆ ನಾಶಪಡಿಸತಕ್ಕದ್ದು.

4. ಹೊಸ ತಂತ್ರಾಂಶಕ್ಕೆ ಬೇಕಾದ ಹಣವನ್ನು ಮೂರು ವರ್ಷಗಳಲ್ಲಿ ಸದಸ್ಯರಿಂದ ಸಣ್ಣ ವಂತಿಗೆಯಾಗಿ ಸಂಗ್ರಹಿಸತಕ್ಕದ್ದು.

ನಾಲ್ಕನೆಯದು ಕೆಲವರಿಗೆ ಹಿಡಿಸಲಿಕ್ಕಿಲ್ಲ. ಆದರೆ ಉಚಿತವಾಗಿ ಬಂದ ತಂತ್ರಾಂಶದ ಬೆಲೆಯನ್ನು ನಾವು ಧಾರಣೆಯಲ್ಲಿ ತೆರುವುದಕ್ಕಿಂತ ವಂತಿಗೆಯಲ್ಲಿ ತೆರುವುದು ಅಗ್ಗ.

ಸದಸ್ಯರು ಮಾಡಿಕೊಳ್ಳಬಹುದಾದದ್ದು

ಕಾನೂನಿಗಾಗಿ ಕಾಯದೆ ಈಗಲೇ ಮಾಡಬಹುದಾದ ಕೆಲವು ಕೆಲಸಗಳಿವೆ. ಆಧಾರ್ ಬೆರಳಚ್ಚನ್ನು ಬೀಗ ಹಾಕಿಡುವ ಸೌಲಭ್ಯ ಉಚಿತವಾಗಿದೆ; ಬೇಕಾದಾಗ ತೆರೆದುಕೊಳ್ಳಬಹುದು. ಆಧಾರ್ ಪ್ರತಿ ಕೊಡಲೇಬೇಕಾದಲ್ಲಿ ಕೊನೆಯ ನಾಲ್ಕು ಅಂಕೆ ಮಾತ್ರ ಕಾಣುವ ಪ್ರತಿಯನ್ನು ಕೊಡಿ. ಯಾವ ಪ್ರತಿಯ ಮೇಲೂ ಯಾವ ಕೆಲಸಕ್ಕೆ, ಯಾವ ತಾರೀಕಿನಂದು ಕೊಟ್ಟಿರೆಂದು ಅಡ್ಡಲಾಗಿ ಬರೆದು ಸಹಿ ಮಾಡಿ. ನಾಲ್ಕೂ ಸಾಲ ಮಾಹಿತಿ ಕಂಪನಿಗಳಿಂದ ವರ್ಷಕ್ಕೊಮ್ಮೆ ನಿಮ್ಮ ಪೂರ್ತಿ ವರದಿಯನ್ನು ಉಚಿತವಾಗಿ ಪಡೆಯುವ ಹಕ್ಕಿದೆ. ತೀರಿಸಿದ ಸಾಲ ಬಾಕಿಯೆಂದು ಕಂಡರೆ ಬರೆದು ದೂರು ಕೊಡಿ; ಮೂವತ್ತು ದಿನದಲ್ಲಿ ಸರಿಪಡಿಸದಿದ್ದರೆ ದಿನಕ್ಕೆ ನೂರು ರೂಪಾಯಿಯಂತೆ ಪರಿಹಾರ ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2023ರಲ್ಲಿ ಆಜ್ಞೆ ಮಾಡಿದೆ. ಖಾತೆಯಿಂದ ಹಣ ಹೋದುದು ತಿಳಿದೊಡನೆ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ಬರೆದು ತಿಳಿಸಿ. ತಡವಾದಷ್ಟೂ ಹಣ ಹಿಂದಕ್ಕೆ ಬರುವುದು ಕಷ್ಟ.

ಕಂಪನಿಯ ಕರಡು ಒಪ್ಪಂದದ ಕನ್ನಡ ಅನುವಾದವನ್ನು ಸಂಘದ ಕಚೇರಿಯಲ್ಲಿಯೂ ಗೊಬ್ಬರದ ಡಿಪೋದಲ್ಲಿಯೂ ಇಡಲಾಗಿದೆ. ಸದಸ್ಯರು ಬಿಡುವು ಮಾಡಿಕೊಂಡು ಓದಿ, ಠರಾವಿಗೆ ತಿದ್ದುಪಡಿಗಳಿದ್ದಲ್ಲಿ ಮಹಾಸಭೆಗೆ ಏಳು ದಿನ ಮುಂಚಿತವಾಗಿ ಲಿಖಿತ ಮೂಲಕ ಕಳುಹಿಸಬೇಕೆಂದೂ, ಕೊಯ್ಲಿನ ತರಾತುರಿಯಿದ್ದರೂ ಅಂದು ತಪ್ಪದೆ ಹಾಜರಾಗಬೇಕೆಂದೂ ಕೋರುತ್ತೇನೆ.